ತಳ್ಳಿದರೆ ಸರಿಹೋಗುತ್ತಿದ್ದ ಕಾರು

ಮೂವತ್ತು ಚಿಲ್ಲರೆ ವರ್ಷಗಳ ನೌಕರಿಯಲ್ಲಿ ದುರಸ್ತಿಯ ವಿವರ ಬರೆಯುವ ಎಷ್ಟು ಜಾಬ್ ಕಾರ್ಡುಗಳಿಗೆ ಸಹಿ ಹಾಕಿದ್ದೇನೋ ಗೊತ್ತಿಲ್ಲ. ಅವುಗಳಲ್ಲಿ ಮೂರನ್ನು ಹಿಂದಕ್ಕೆ ಪಡೆಯುವ ಹಾಗಿದ್ದರೆ ಪಡೆಯುತ್ತಿದ್ದೆ. ಮೂರೂ ಒಂದೇ ಕಾರಿನವು. ಮೂರರಲ್ಲೂ ನನ್ನ ಕೈಬರಹದಲ್ಲಿ ಒಂದೇ ವಾಕ್ಯವಿದೆ: ‘ಚೆಕ್ಡ್ ಅಂಡ್ ಫೌಂಡ್ ಓಕೆ.’ ಪರೀಕ್ಷಿಸಿದೆವು, ಎಲ್ಲ ಸರಿಯಾಗಿದೆ ಎಂದು ಅದರ ಅರ್ಥ. ವಾಹನ ದುರಸ್ತಿಯ ಕೆಲಸಕ್ಕೆ ಹೊಸದಾಗಿ ಸೇರಿದ ಯಾರಾದರೂ ಈ ವಾಕ್ಯವನ್ನು ಬರೆಯಲು ಪೆನ್ನು ತೆಗೆದಿದ್ದರೆ, ಸ್ವಲ್ಪ ಹೊತ್ತು ಕೆಳಗಿಟ್ಟು ಇದನ್ನು ಓದಲಿ.

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೇ ಡೈರಿಗಳನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ಅವನ್ನೂ ಪೂರ್ತಿ ನಂಬುವಂತಿಲ್ಲ. ಟೂಲ್ಸ್ ಮಾರುವವರು ಹೊಸ ವರ್ಷಕ್ಕೆ ಕೊಡುತ್ತಿದ್ದ ಡೈರಿಗಳಲ್ಲಿ ಖಾಲಿ ಉಳಿದದ್ದನ್ನು ಮುಂದಿನ ವರ್ಷ ವಾರಗಳನ್ನು ತಿದ್ದಿಕೊಂಡು ಬಳಸುತ್ತಿದ್ದೆ. ಹಾಗಾಗಿ ಇದು ನಡೆದದ್ದು ಎಪ್ಪತ್ತರ ದಶಕದ ಕೊನೆಗೋ ಎಂಬತ್ತರ ಮೊದಲಿಗೋ ಹೇಳಲಾರೆ. ಮಂಗಳವಾರ ಎಂದು ಬರೆದಿದ್ದರೆ ಅದು ಮಂಗಳವಾರವೇ. ಅಷ್ಟು ಮಟ್ಟಿಗೆ ಭರವಸೆ ಕೊಡಬಲ್ಲೆ.

ಪೀಣ್ಯದಲ್ಲಿ ಆಗ ಶೆಡ್ಡುಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮದು ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆ. ಇಂಜಿನಿಯರಿಂಗ್ ಡಿಗ್ರಿ ಮುಗಿಸಿ, ಪಂಪಿನ ವಿನ್ಯಾಸ ಮಾಡುವ ಉತ್ಸಾಹದಲ್ಲಿ ಸೇರಿದ ನನ್ನನ್ನು ಎರಡು ವಾರದ ಮಟ್ಟಿಗೆ ಎಂದು ವಾಹನ ವಿಭಾಗಕ್ಕೆ ಹಾಕಿದರು. ಅಲ್ಲೇ ನಿವೃತ್ತನಾದೆ.

ಕಾರ್ಮಿಕರ ಮೂರು ಬಸ್ಸು, ಎರಡು ಲಾರಿ, ಒಂದು ಜೀಪು, ಜನರಲ್ ಮ್ಯಾನೇಜರರ ಕಪ್ಪು ಕಾರು ನನ್ನ ಪಾಲಿಗಿದ್ದವು. ಕಾರಿಗೆ ಆಗಲೇ ಹದಿನಾಲ್ಕು ವರ್ಷ. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲವಾದ್ದರಿಂದ ಹಳೆಯದನ್ನೇ ಉಜ್ಜಿ ಉಜ್ಜಿ ಇಟ್ಟುಕೊಂಡಿದ್ದೆವು. ಅದನ್ನು ಓಡಿಸುತ್ತಿದ್ದವರು ಗಂಗಹನುಮಯ್ಯ. ನನಗಿಂತ ಹದಿನೈದು ವರ್ಷ ದೊಡ್ಡವರು. ನೆಲಮಂಗಲದ ಆಚೆ ಊರು, ಮೂರು ಎಕರೆ ರಾಗಿ ಹೊಲ. ಒಂದು ವಿಷಯವನ್ನು ಒಂದೇ ಸಲ ಹೇಳುವ ಮನುಷ್ಯ. ಕೇಳಿಸಿಕೊಳ್ಳದಿದ್ದರೆ ಅದು ನಿಮ್ಮ ಕಷ್ಟ. ವಿಭಾಗದ ಎಲೆಕ್ಟ್ರಿಷಿಯನ್ ಪಾಷಾ ಇದಕ್ಕೆ ಪೂರ್ತಿ ವಿರುದ್ಧ. ಹೇಳಬೇಕಾದ್ದನ್ನು ಮೂರು ಸಲ ಹೇಳಿ, ನಾಲ್ಕನೆಯ ಸಲ ಅದಕ್ಕೆ ತನ್ನ ಮಾವನನ್ನು ಸೇರಿಸುತ್ತಿದ್ದ.

ಆಯುಧಪೂಜೆಗೆ ನಮ್ಮಲ್ಲಿ ವಿಭಾಗಗಳ ನಡುವೆ ಪೈಪೋಟಿಯಿತ್ತು. ಯಾರ ಯಂತ್ರ ಹೆಚ್ಚು ಹೊಳೆಯುತ್ತದೋ ಅವರಿಗೆ ಜನರಲ್ ಮ್ಯಾನೇಜರರ ಕೈಯಿಂದ ಬಹುಮಾನ. ಪ್ರತಿ ವರ್ಷ ಲೇತ್ ವಿಭಾಗದವರೇ ಗೆಲ್ಲುತ್ತಿದ್ದರು. ಆ ವರ್ಷ ನಾವು ಗೆದ್ದೆವು. ಕಪ್ಪು ಕಾರಿನ ಬಾನೆಟ್ ಎತ್ತಿದಾಗ ಒಳಗೆಲ್ಲ ಬೆಳ್ಳಿಬಣ್ಣ ಥಳಥಳ ಹೊಳೆದದ್ದನ್ನು ನೋಡಿ ಸಾಹೇಬರು, “ಇದನ್ನು ಮುಚ್ಚಬೇಡಿ, ಹೀಗೇ ಇರಲಿ” ಎಂದಿದ್ದರು. ಬಹುಮಾನವಾಗಿ ಆರು ಸ್ಟೀಲ್ ಲೋಟ ಬಂದವು. ವಿಭಾಗದಲ್ಲಿ ಎಂಟು ಜನರಿದ್ದುದರಿಂದ ಹಂಚಲಾಗದೆ ನನ್ನ ಮನೆಗೆ ಬಂದವು.

ಹಬ್ಬ ಕಳೆದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಸಾಹೇಬರು ಸಿಟಿಗೆ ಹೊರಟು ಪೋರ್ಟಿಕೋದಲ್ಲಿ ಕಾರು ಹತ್ತಿದರು. ಗಂಗಹನುಮಯ್ಯ ಕೀಲಿ ತಿರುಗಿಸಿದರು. ‘ಟಿಕ್’ ಎಂದಿತು, ಅಷ್ಟೆ. ಇನ್ನೊಮ್ಮೆ ತಿರುಗಿಸಿದರು. ಟಿಕ್. ಹಾರ್ನ್ ಜೋರಾಗಿ ಕೂಗುತ್ತಿತ್ತು, ಲೈಟು ಉರಿಯುತ್ತಿತ್ತು, ಇಂಜಿನ್ ಮಾತ್ರ ತಿರುಗುತ್ತಿರಲಿಲ್ಲ. ಸಾಹೇಬರು ಪಂಪಿನ ಬಿಡಿಭಾಗ ತುಂಬಿದ ಜೀಪಿನಲ್ಲಿ ಹೋದರು. ಇಬ್ಬರು ವಾಚ್‌ಮನ್‌ಗಳು, ತೋಟದ ಮಾಲಿ, ಕ್ಯಾಂಟೀನಿನ ಒಬ್ಬರು ಸೇರಿ ಕಾರನ್ನು ನಮ್ಮ ಶೆಡ್ಡಿಗೆ ತಳ್ಳಿಕೊಂಡು ಬಂದರು. ನಾನು ಕೂತು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ತಳ್ಳಿದ ನಾಲ್ವರೂ ನನ್ನನ್ನು ನೋಡಿದರು. ಇಂಜಿನಿಯರು ಕೂತರೆ ಸಾಕು ಎಂಬ ಭಾವನೆ ಅವರಲ್ಲಿ ಮೂಡಿದ್ದನ್ನು ನಾನು ಅಲ್ಲಗಳೆಯಲಿಲ್ಲ. ಗಂಗಹನುಮಯ್ಯ ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದರು. ನಾನು ಬ್ಯಾಟರಿಯ ಆಸಿಡ್ ಅಳೆಯುತ್ತಿದ್ದೆ. ಅಳತೆ ಸರಿಯಾಗಿತ್ತು. ಮೊದಲ ಕಾರ್ಡು ಬರೆದೆ.

ಎರಡನೆಯ ಸಲ ಹೀಗಾದಾಗ ಬ್ಯಾಟರಿಯನ್ನೇ ಬದಲಾಯಿಸಿದೆವು. ಕಾರ್ಡು ಬರೆದೆ. ಮೂರನೆಯ ಸಲ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು ಇಳಿಸಿ, ಅದರೊಳಗಿನ ಕಾರ್ಬನ್ ಬ್ರಷ್ ಬದಲಿಸಿ, ಕೀಲಿಯ ಸ್ವಿಚ್ಚನ್ನೂ ಹೊಸದು ಮಾಡಿದೆವು. ನಿಜ ಹೇಳಬೇಕೆಂದರೆ ಹಳೆಯವುಗಳಲ್ಲಿ ಏನೂ ಕೆಟ್ಟಿರಲಿಲ್ಲ. ಪ್ರತಿ ಸಲವೂ ಪೋರ್ಟಿಕೋದಲ್ಲಿ ಸತ್ತ ಕಾರು ಶೆಡ್ಡಿಗೆ ಬರುವಷ್ಟರಲ್ಲಿ ಎದ್ದು ಕೂರುತ್ತಿತ್ತು.

“ಸಾರ್, ಇದು ಡಾಕ್ಟ್ರು ಮುಂದೆ ಬಂದ್ರೆ ವಾಸಿಯಾಗೋ ಕಾಯ್ಲೆ” ಎಂದ ಪಾಷಾ. “ನಮ್ಮ ಮಾವಂಗೂ ಹಿಂಗೇ. ಮನೇಲಿ ಉಸಿರೇ ಇರಲ್ಲ, ಆಸ್ಪತ್ರೆ ಬಾಗ್ಲಲ್ಲಿ ಬೀಡಿ ಕೇಳ್ತಾನೆ.”

“ಮಾವಂಗೆ ಏನು ಔಷಧಿ ಕೊಟ್ರಿ?”

“ಏನೂ ಇಲ್ಲ ಸಾರ್. ಆಟೋದಲ್ಲಿ ಕರ್ಕೊಂಡ್ ಹೋಗ್ತೀವಿ, ಆಟೋದಲ್ಲೇ ವಾಪಸ್ ಕರ್ಕೊಂಡ್ ಬರ್ತೀವಿ.”

ಈ ಮಾತಿನಲ್ಲಿ ಉತ್ತರ ಪೂರ್ತಿಯಾಗಿ ಇತ್ತು. ಇಬ್ಬರಿಗೂ ಹೊಳೆಯಲಿಲ್ಲ. ಮೂರನೆಯ ಕಾರ್ಡಿಗೂ ಸಹಿ ಹಾಕಿದೆ.

ಅದೇ ದಿನಗಳಲ್ಲಿ ಗಂಗಹನುಮಯ್ಯ ರಾಗಿ ಕೊಯ್ಲಿಗೆ ಎಂಟು ದಿನ ರಜೆ ಕೇಳಿದ್ದರು. ಸಿಬ್ಬಂದಿ ವಿಭಾಗದ ಅಧಿಕಾರಿ ಸುಬ್ಬಕೃಷ್ಣ ಅವರು ಕೊಟ್ಟಿರಲಿಲ್ಲ. ಸುಬ್ಬಕೃಷ್ಣ ಕೆಟ್ಟವರಲ್ಲ. ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟರೆ ಅವು ತಾವಾಗಿಯೇ ಮಾತಾಡಿಕೊಳ್ಳುತ್ತವೆ ಎಂದು ನಂಬಿದ್ದವರು. ಒಂದು ಫೈಲಿನಲ್ಲಿ ತಿರಸ್ಕರಿಸಿದ ರಜೆ ಅರ್ಜಿ. ಇನ್ನೊಂದರಲ್ಲಿ ನನ್ನ ಮೂರು ಕಾರ್ಡು. ಕಾರಿನಲ್ಲಿ ದೋಷವಿಲ್ಲ ಎಂದು ಇಂಜಿನಿಯರೇ ಬರೆದುಕೊಟ್ಟಿದ್ದಾನೆ. ಆದರೂ ಸಾಹೇಬರು ಕೂತಾಗ ಮಾತ್ರ ಕಾರು ಹೊರಡುವುದಿಲ್ಲ. ಹಾಗಾದರೆ ದೋಷ ಎಲ್ಲಿದೆ?

ಗಂಗಹನುಮಯ್ಯನವರ ಕೈಗೆ ನೋಟೀಸು ಬಂತು. ಬೇಕೆಂದೇ ವಾಹನವನ್ನು ನಿಷ್ಕ್ರಿಯಗೊಳಿಸಿದ ಆರೋಪ. ವಿಚಾರಣೆ ಮುಗಿಯುವವರೆಗೆ ಅಮಾನತು. ಸಾಬೀತಾದರೆ ಕೆಲಸದಿಂದ ವಜಾ. ಅವರಿಗೆ ಆಗ ಹದಿನೇಳು ವರ್ಷದ ಸರ್ವೀಸು.

ಅವರು ಹೋದ ಮೇಲೆ ಕಾರು ಒಂಬತ್ತು ದಿನ ಒಮ್ಮೆಯೂ ಕೈಕೊಡಲಿಲ್ಲ. ಸುಬ್ಬಕೃಷ್ಣ ಅದನ್ನೂ ಫೈಲಿಗೆ ಸೇರಿಸಿದರು. ಆ ಒಂಬತ್ತು ದಿನ ಸಾಹೇಬರು ದೆಹಲಿಯಲ್ಲಿದ್ದರು, ಬದಲಿ ಡ್ರೈವರು ಬೆಳಿಗ್ಗೆ ಒಮ್ಮೆ ಶೆಡ್ಡಿನ ಸುತ್ತ ಕಾರು ಸುತ್ತಿಸಿ ನಿಲ್ಲಿಸುತ್ತಿದ್ದ ಎಂಬುದನ್ನು ಯಾರೂ ಸೇರಿಸಲಿಲ್ಲ. ನನಗದು ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ ಎಂದು ಹೇಳಿಕೊಳ್ಳಬಹುದು. ನಾನೂ ಹೇಳಲಿಲ್ಲ ಎನ್ನುವುದು ಹೆಚ್ಚು ಸರಿ.

ವಿಚಾರಣೆ ಒಂದು ಮಂಗಳವಾರ ಬೆಳಿಗ್ಗೆ, ಸುಬ್ಬಕೃಷ್ಣ ಅವರ ಕೋಣೆಯಲ್ಲಿ. ಟೈಪಿಸ್ಟ್ ಒಬ್ಬರು ಮೂಲೆಯಲ್ಲಿ. ಗಂಗಹನುಮಯ್ಯ ಇಸ್ತ್ರಿ ಮಾಡಿದ ಖಾಕಿಯಲ್ಲಿ ಬಂದಿದ್ದರು. ಅಮಾನತಿನಲ್ಲಿದ್ದವರು ಸಮವಸ್ತ್ರ ಹಾಕಬಹುದೇ ಎಂಬ ಪ್ರಶ್ನೆ ಎದ್ದು, ನಿಯಮ ಸಿಗದೆ ಕೂತಿತು.

“ಕಾರಿನ ತೊಂದರೆ ಏನು ಅಂತ ಈ ಚಾಲಕರು ನಿಮಗೆ ಯಾವತ್ತಾದ್ರೂ ವಿವರಿಸಿದ್ರಾ?” ಎಂದು ಸುಬ್ಬಕೃಷ್ಣ ನನ್ನನ್ನು ಕೇಳಿದರು.

ನಾನು ಯೋಚಿಸಿದೆ. ಪ್ರಾಮಾಣಿಕವಾಗಿಯೇ ಯೋಚಿಸಿದೆ. “ಸ್ಟಾರ್ಟ್ ಆಗ್ಲಿಲ್ಲ ಅನ್ನೋದು ಬಿಟ್ಟರೆ ಬೇರೇನೂ ಹೇಳಿಲ್ಲ” ಎಂದೆ.

ಗಂಗಹನುಮಯ್ಯ ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ. ದಾರಿ ತಪ್ಪಿದವರಿಗೆ ದಾರಿ ತೋರಿಸುವ ದನಿಯಲ್ಲಿ, “ಯೋಳಿದ್ನಲ್ಲ ಸಾರ್. ಚೋಕ್ ಗುಂಡಿ ಕೈ ಸುಡ್ತದೆ ಅಂತ” ಎಂದರು.

ಚೋಕ್ ಎಂದರೆ ಇಂಜಿನ್ ತಣ್ಣಗಿದ್ದಾಗ ಪೆಟ್ರೋಲು ಹೆಚ್ಚಾಗಿ ಹರಿಯಲಿ ಎಂದು ಎಳೆಯುವ ಗುಂಡಿ. ಡ್ರೈವರರ ಮುಂದೆ ಇರುತ್ತದೆ, ಹಿಂದಿನಿಂದ ಒಂದು ಉಕ್ಕಿನ ತಂತಿ ಇಂಜಿನ್‌ವರೆಗೆ ಹೋಗುತ್ತದೆ. ವಿದ್ಯುತ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಬಿಸಿಯಾಗಲು ಕಾರಣವಿಲ್ಲ.

“ಹಾಗೆ ಹೇಳಿಲ್ಲ” ಎಂದೆ. ಟೈಪಾಯಿತು.

“ಆಯ್ತು ಬಿಡಿ” ಎಂದರು ಗಂಗಹನುಮಯ್ಯ. ಒಂದೇ ಸಲ ಹೇಳುವ ಮನುಷ್ಯ ಅದನ್ನು ಎರಡನೆಯ ಸಲ ಹೇಳಿಯಾಗಿತ್ತು.

ಸಂಜೆ ಮನೆಗೆ ಬಂದು, ಬಹುಮಾನದ ಲೋಟದಲ್ಲಿ ಕಾಫಿ ಕುಡಿಯುತ್ತಾ ಡೈರಿ ತಿರುವಿದೆ. ನಾನೇ ಸರಿ ಎಂದು ಖಚಿತಪಡಿಸಿಕೊಳ್ಳಲು ತಿರುವಿದೆ ಎಂದು ಒಪ್ಪಿಕೊಳ್ಳಬೇಕು. ಮೊದಲ ಸಲ ಕಾರು ನಿಂತ ದಿನದ ಪುಟ ಸಿಕ್ಕಿತು. ಈಗಲೂ ಎದುರಿಗಿದೆ. ‘ಜಿ.ಎಂ. ಕಾರು ಪೋರ್ಟಿಕೋದಲ್ಲಿ ನಿಂತಿತು. ಶೆಡ್ಡಿನಲ್ಲಿ ಸರಿಯಿದೆ. ಚೋಕ್ ಗುಂಡಿ ಬಿಸಿಯಾಗುತ್ತದೆ ಎನ್ನುತ್ತಾರೆ ಗಂ.ಹ. ಡ್ರೈವರುಗಳ ಕಲ್ಪನೆಗೆ ಮಿತಿಯಿಲ್ಲ.’

ಕೆಳಗೆ ಇನ್ನೊಂದು ಸಾಲು: ‘ಸುಬ್ಬಕೃಷ್ಣ ಇವತ್ತೂ ಊಟವಾದ ಮೇಲೆ ಕಣ್ಣು ಮುಚ್ಚಿಕೊಂಡೇ ಫೈಲು ನೋಡಿದರು.’

ಅಂದರೆ ನಾನು ಕೇಳಿಸಿಕೊಂಡಿದ್ದೆ. ಬರೆದುಕೊಂಡೂ ಇದ್ದೆ. ಆಮೇಲೆ, ಅವರು ಹೇಳಲೇ ಇಲ್ಲ ಎಂದು ನಂಬಿದ್ದೆ. ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಅದಕ್ಕಿಂತ ಅಪಾಯದ ಕೆಲಸ ಮಾಡಿದ್ದೆ. ಅಂದಿನಿಂದ ನನ್ನ ನೆನಪಿಗೆ ನಾನು ಸಾಕ್ಷಿ ಕೇಳುತ್ತೇನೆ.

ಮರುದಿನ ಬೆಳಿಗ್ಗೆ ಪಾಷಾನನ್ನು ಕೂರಿಸಿಕೊಂಡು ಕಾರು ತೆಗೆದೆ. ತುಮಕೂರು ರಸ್ತೆಯಲ್ಲಿ ಯಶವಂತಪುರದವರೆಗೆ ಹೋಗಿ, ತಿರುಗಿ ಬಂದು, ಪೋರ್ಟಿಕೋದಲ್ಲಿ ನಿಲ್ಲಿಸಿ ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಮತ್ತೆ ಹೋದೆವು. ಮತ್ತೆ ಸ್ಟಾರ್ಟ್ ಆಯಿತು. ಕಾರು ಕೆಡಲಿ ಎಂದು ನಾನು ಹಾರೈಸಿದ್ದು ಅದೇ ಮೊದಲು.

“ಸಾರ್, ಸಾಹೇಬ್ರು ಕೂತ್ರೇನೇ ಕೆಡೋದಾದ್ರೆ ನೀವು ಹಿಂದೆ ಕೂತ್ಕೊಳ್ಳಿ, ನಾನು ಓಡಿಸ್ತೀನಿ” ಎಂದ ಪಾಷಾ.

ನಾಲ್ಕನೆಯ ಸುತ್ತಿಗೆ ಪೋರ್ಟಿಕೋದಲ್ಲಿ ‘ಟಿಕ್’ ಎಂದಿತು. ಆ ಸದ್ದು ಕೇಳಿದ್ದೇ ತಡ, ಇಬ್ಬರು ವಾಚ್‌ಮನ್‌ಗಳು ತೋಳು ಮಡಚಿಕೊಂಡು ಓಡಿ ಬಂದರು. ಮಾಲಿ ಪೈಪು ಬಿಸಾಕಿ ಬಂದ. ಅಷ್ಟು ಹೊತ್ತಿಗೆ ಅವರಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು.

“ಯಾರೂ ಮುಟ್ಟಬೇಡಿ!” ಎಂದು ಕೂಗಿದೆ.

“ತಳ್ಳೋದ್ ಬ್ಯಾಡ್ವಾ ಸಾರ್?” ಎಂದ ಮಾಲಿ, ಕೆಲಸ ಕಳೆದುಕೊಂಡವನಂತೆ.

ಅಲ್ಲಿ ನನಗೆ ಹೊಳೆಯಿತು. ಇಲ್ಲಿಯವರೆಗೆ ನಾವು ಕೆಟ್ಟ ಕಾರನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ನಾಲ್ಕು ಜನ ಸೇರಿ ತಳ್ಳಿ, ಗೇಟಿನ ಹಳ್ಳದಲ್ಲಿ ಕುಲುಕಿಸಿ, ಅಲುಗಾಡಿಸಿ ತಂದ ಮೇಲೆ ಪರೀಕ್ಷಿಸುತ್ತಿದ್ದೆವು. ಆ ಕುಲುಕಾಟವೇ ದುರಸ್ತಿಯಾಗುತ್ತಿತ್ತು. ಪಾಷಾನ ಮಾವನಿಗೂ ಪ್ರಾಯಶಃ ಆಟೋವೇ ಔಷಧಿ.

ಕೀಲಿಯನ್ನು ತಿರುಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಚೋಕ್ ಗುಂಡಿ ಹಿಡಿದೆ. ಐದಾರು ಎಣಿಸುವಷ್ಟರಲ್ಲಿ ಕೈ ತೆಗೆದೆ. ಬೆರಳು ಸುಟ್ಟಿತ್ತು. ಗುಂಡಿಯ ಹಿಂದಿನಿಂದ ಸಣ್ಣಗೆ ಹೊಗೆಯೂ ಬಂತು. ಡ್ರೈವರುಗಳ ಕಲ್ಪನೆಗೆ ಮಿತಿಯಿದೆ ಎಂದು ಆಗ ಗೊತ್ತಾಯಿತು.

ಹೊಸಬರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಇಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಇಂಜಿನ್‌ನಿಂದ ಕಾರಿನ ಮೈಗೆ ಒಂದು ದಪ್ಪ ತಾಮ್ರದ ಪಟ್ಟಿ ಬಿಗಿದಿರುತ್ತಾರೆ. ಅರ್ತ್ ಪಟ್ಟಿ ಎನ್ನುತ್ತೇವೆ. ಸ್ಟಾರ್ಟರ್ ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ ಅದು. ಆ ದಾರಿ ಮುಚ್ಚಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಇಂಜಿನ್ನನ್ನು ಮೈಗೆ ಜೋಡಿಸುವ ಇನ್ನಾವುದೋ ಲೋಹದ ಎಳೆಯನ್ನು. ನಮ್ಮ ಕಾರಿನಲ್ಲಿ ಅದು ಚೋಕಿನ ತಂತಿ. ಅಷ್ಟು ಸಣ್ಣ ತಂತಿ ಅಷ್ಟು ದೊಡ್ಡ ಕರೆಂಟು ಹೊರಲಾಗದೆ ಕಾದು ಸುಡುತ್ತದೆ. ಹಾರ್ನಿಗೂ ಲೈಟಿಗೂ ಇಂಜಿನ್ನಿನ ಹಂಗಿಲ್ಲವಾದ್ದರಿಂದ ಅವು ಸರಿಯಾಗಿಯೇ ಇರುತ್ತವೆ.

ಪಾಷಾ ಒಂದು ಬ್ಯಾಟರಿ ಕೇಬಲ್ ತಂದು, ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಬಂಪರಿನ ಬೋಲ್ಟಿಗೂ ಒತ್ತಿ ಹಿಡಿದ. ಕೀಲಿ ತಿರುಗಿಸಿದೆ. ಕಾರು ನಿಂತಲ್ಲೇ ಗುಡುಗಿತು. ಕೇಬಲ್ ತೆಗೆದು ಮತ್ತೆ ತಿರುಗಿಸಿದರೆ ಟಿಕ್.

ಅವನು ಕೆಳಗೆ ತೂರಿ ಅರ್ತ್ ಪಟ್ಟಿಯ ಬೋಲ್ಟು ಬಿಚ್ಚಿದ. ತೆವಳಿ ಹೊರಗೆ ಬಂದು ನನಗೆ ಜಾಗ ಬಿಟ್ಟ.

“ಏನಾಯ್ತು?”

“ನೀವೇ ನೋಡಿ ಸಾರ್.”

ಅಂಗಿಯಲ್ಲೇ ಮಲಗಿ ನೋಡಿದೆ. ಪಟ್ಟಿ ಕೂರುವ ಜಾಗದಲ್ಲಿ, ಲೋಹ ಲೋಹಕ್ಕೆ ತಾಗಬೇಕಾದ ಕಡೆ, ಎರಡು ಕೋಟು ಬೆಳ್ಳಿಬಣ್ಣ. ನುಣ್ಣಗೆ, ಅಚ್ಚುಕಟ್ಟಾಗಿ, ಒಂದು ಕಡೆಯೂ ಬಿಡದಂತೆ. ಪಟ್ಟಿಯ ತುದಿಗೂ ಬಳಿದಿತ್ತು. ಬಣ್ಣವೂ ರಬ್ಬರಿನ ಹಾಗೆಯೇ, ಕರೆಂಟು ಹರಿಯಲು ಬಿಡುವುದಿಲ್ಲ. ಬೋಲ್ಟಿನ ಎಳೆಗಳಲ್ಲಿ ಮಾತ್ರ ಎಲ್ಲೋ ಸ್ವಲ್ಪ ಲೋಹ ತಾಗುತ್ತಿತ್ತು. ಇಷ್ಟು ದಿನ ಕಾರು ಓಡಿದ್ದು ಆ ಸ್ವಲ್ಪದ ಮೇಲೆ.

“ಸಿಲ್ವರ್ ಅಲ್ವಾ ಸಾರ್” ಎಂದ ಪಾಷಾ ಮೆಲ್ಲಗೆ, “ಕರೆಂಟ್ ಹೋಗ್ಬೇಕಿತ್ತು.”

ಪೂಜೆಗೆ ಮುಂಚೆ ಬಣ್ಣ ಬಳಿದದ್ದು ಅವನು. ಹೇಗೆ ಬಳಿಯಬೇಕೆಂದು ಹೇಳಿದ್ದು ಯಾರು ಎಂದು ನನ್ನ ನೆನಪನ್ನು ಕೇಳಿದೆ. ಅದು ಏನೂ ಹೇಳಲಿಲ್ಲ. ಡೈರಿ ಹೇಳಿತು: ‘ಬೋಲ್ಟು, ಪಟ್ಟಿ, ಎಲ್ಲ ಬಿಚ್ಚಿ ಕೆಳಗೂ ಬಳಿಯಬೇಕು ಎಂದು ಪಾಷಾಗೆ ತಾಕೀತು ಮಾಡಿದೆ. ಲೇತ್‌ನವರು ಮೇಲ್ಮೇಲೆ ಬಳಿಯುತ್ತಾರೆ.’

ಸಾಮಾನ್ಯ ಪೇಂಟರ್ ಆಗಿದ್ದರೆ ಪಟ್ಟಿಯ ಸುತ್ತ ಬಳಿದು ಬಿಡುತ್ತಿದ್ದ, ಕಾರಿಗೆ ಏನೂ ಆಗುತ್ತಿರಲಿಲ್ಲ. ಬಿಚ್ಚಿ ಬಳಿಸಲು ಇಂಜಿನಿಯರಿಂಗ್ ಡಿಗ್ರಿ ಬೇಕಾಯಿತು.

ನಾಲ್ಕನೆಯ ಕಾರ್ಡು ಬರೆಯಲು ಕೂತೆ. ಪಾಷಾ ಪಕ್ಕದಲ್ಲಿ ನಿಂತಿದ್ದ. “‘ಅರ್ತ್ ಲೂಸ್, ಟೈಟ್ ಮಾಡಲಾಯಿತು’ ಅಂತ ಬರೀರಿ ಸಾರ್. ಮುಗೀತು. ಯಾರ ಹೆಸರೂ ಬರಲ್ಲ.”

ಬರೆಯಬಹುದಿತ್ತು. ‘ಅರ್ತ್’ ಎಂದು ಬರೆದೂ ಬಿಟ್ಟಿದ್ದೆ. ಆಗ ಸುಬ್ಬಕೃಷ್ಣ ಅವರ ಎರಡು ಫೈಲುಗಳು ಕಣ್ಣ ಮುಂದೆ ಬಂದವು. ಲೂಸ್ ಎಂದರೆ ಅವರು ಕೇಳುವ ಮುಂದಿನ ಪ್ರಶ್ನೆ, ಲೂಸ್ ಮಾಡಿದ್ದು ಯಾರು ಎಂಬುದು. ಕಾರಿನ ಜೊತೆ ದಿನವಿಡೀ ಇದ್ದವರು ಯಾರು? ಯಾರಿಗೆ ರಜೆ ಸಿಕ್ಕಿರಲಿಲ್ಲ? ನನ್ನ ಆ ಒಂದು ಪದ ಗಂಗಹನುಮಯ್ಯನವರ ಹದಿನೇಳು ವರ್ಷವನ್ನು ಮುಗಿಸುತ್ತಿತ್ತು.

“ಪಾಷಾ, ಇದು ಲೂಸ್ ಆಗಿರ್ಲಿಲ್ಲ.”

“ಇಲ್ಲ ಸಾರ್. ಟೈಟಾಗೇ ಇತ್ತು. ನಾನೇ ಟೈಟ್ ಮಾಡಿದ್ದು.”

ಹೊಸ ಕಾರ್ಡು ತೆಗೆದು ಬರೆದೆ: ‘ಅರ್ತ್ ಪಟ್ಟಿಯ ಅಡಿಯಲ್ಲಿ ಬಣ್ಣ. ಆಯುಧಪೂಜೆಗೆ ನನ್ನ ಸೂಚನೆಯಂತೆ ಬಳಿದದ್ದು. ಚಾಲಕರು ಮೊದಲ ದಿನವೇ ಸರಿಯಾದ ಲಕ್ಷಣ ತಿಳಿಸಿದ್ದರು.’ ಕೈಯಲ್ಲಿ ಕಾರ್ಡು, ಕಂಕುಳಲ್ಲಿ ಡೈರಿ ಹಿಡಿದು ಸುಬ್ಬಕೃಷ್ಣ ಅವರ ಕೋಣೆಗೆ ಹೋದೆ.

“ನಿಮ್ಮ ಹೇಳಿಕೆ ಆಗ್ಲೇ ಟೈಪ್ ಆಗಿದೆಯಲ್ರೀ” ಎಂದರು. ಅವರಿಗೆ ನಿಜವಾಗಿಯೂ ಕಳವಳವಾಗಿತ್ತು. “ಮೂರು ಕಾಪಿ.”

“ಅದು ತಪ್ಪು ಸಾರ್. ಅವರು ಹೇಳಿದ್ದರು. ನಾನು ಬರೆದುಕೊಂಡಿದ್ದೇನೆ.”

“ಎಲ್ಲಿ ತೋರ್ಸಿ.”

ಪುಟ ತೆರೆದು ಕೊಟ್ಟೆ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೊಡಬೇಕೆಂದಿದ್ದೆ. ಸುಟ್ಟ ಬೆರಳಿಗೆ ಬ್ಯಾಂಡೇಜು ಸುತ್ತಿದ್ದರಿಂದ ಅದು ಸರಿಯಾಗಿ ಕೂರಲಿಲ್ಲ. ಅವರು ಚೋಕಿನ ಸಾಲು ಓದಿದರು. ಕೆಳಗಿನ ಸಾಲೂ ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಟೈಪಿಸ್ಟ್ ಕಡೆ ತಿರುಗಿ, “ಮೊದಲಿನ ನಾಲ್ಕು ವಾಕ್ಯ ಮಾತ್ರ ತಗೊಳ್ಳಮ್ಮ. ಕೊನೆಯದು ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ” ಎಂದರು. ಅಂದಿನಿಂದ ಅವರ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಅವರಿಗೆ ನನ್ನ ಬಗ್ಗೆ ಏನಾಯಿತೋ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತು ಅವರ ಕೋಣೆಯ ಬಾಗಿಲು ಮುಚ್ಚಿರತೊಡಗಿತು.

ಗಂಗಹನುಮಯ್ಯ ಕೆಲಸಕ್ಕೆ ಮರಳಿದರು. ಅಮಾನತಿನ ದಿನಗಳಲ್ಲಿ ರಾಗಿ ಕೊಯ್ಲು ಮುಗಿಸಿಕೊಂಡಿದ್ದರು. ನನಗೊಂದು ಎಚ್ಚರಿಕೆ ಪತ್ರ ಬಂತು, ಲೋಟಗಳನ್ನು ವಾಪಸ್ ಕೇಳಲಿಲ್ಲ. ಜಾಬ್ ಕಾರ್ಡಿನಲ್ಲಿ ‘ಚಾಲಕರು ಹೇಳಿದ್ದು’ ಎಂಬ ಹೊಸ ಅಂಕಣ ಸೇರಿಸಿ ಅಚ್ಚು ಹಾಕಿಸಿದೆವು. ಅವರ ಮಾತನ್ನು ಅವರು ಆಡಿದಂತೆಯೇ ಬರೆಯಬೇಕು, ಬರೆದುಕೊಂಡವರ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ವಾಹನ ನಿಂತ ಕಡೆಗೆ ನಾವು ಹೋಗಬೇಕು, ಅಲ್ಲಿಯವರೆಗೆ ಯಾರೂ ತಳ್ಳಬಾರದು ಎಂಬುದೂ ನಿಯಮವಾಯಿತು. ಇದು ಮಾಲಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಈಗ ನೀವು ಕಂಪ್ಯೂಟರಿನ ತಂತಿ ಚುಚ್ಚಿ ದೋಷ ಓದುತ್ತೀರಿ. ಒಳ್ಳೆಯದೇ. ಆದರೆ ಅದು ‘ದೋಷವಿಲ್ಲ’ ಎಂದಾಗಲೂ ‘ನಾನು ನೋಡಿದಾಗ ಸ್ಟಾರ್ಟ್ ಆಯಿತು’ ಎಂದು ಬರೆಯಿರಿ. ಅಷ್ಟು ಮಾತ್ರ ನಿಮಗೆ ಗೊತ್ತಿರುತ್ತದೆ.

ನಾನು ಗಂಗಹನುಮಯ್ಯನವರ ಕ್ಷಮೆ ಕೇಳಿದೆನೇ? ಕೇಳಿದ ನೆನಪು ಸ್ಪಷ್ಟವಾಗಿದೆ, ಎಲ್ಲಿ ನಿಂತಿದ್ದೆ ಎಂಬುದೂ ಸಹ. ಡೈರಿಯಲ್ಲಿ ಇಲ್ಲ. ಹಾಗಾಗಿ ಕೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಮುಂದಿನ ಆಯುಧಪೂಜೆಯ ಪುಟದಲ್ಲಿ ಮಾತ್ರ ಇಷ್ಟಿದೆ. ಆ ವರ್ಷ ನಾವು ಪೈಪೋಟಿಗೆ ಇಳಿಯಲಿಲ್ಲ, ಲೇತ್‌ನವರು ಗೆದ್ದರು. ಗಂಗಹನುಮಯ್ಯ ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಕುಂಕುಮದ ಬಟ್ಟಲು ಹಿಡಿದು ಬಾನೆಟ್ ಎತ್ತಿದರು. ಬ್ಯಾಟರಿಗೆ ಒಂದು ಬೊಟ್ಟು, ಡೈನಮೋಗೆ ಒಂದು. ಆಮೇಲೆ ನೆಲಕ್ಕೆ ಗೋಣಿಚೀಲ ಹಾಸಿ ಕೆಳಗೆ ತೂರಿದರು. ಅವರ ಕೈ ಅರ್ತ್ ಪಟ್ಟಿಯ ಕಡೆ ಹೋದದ್ದು ಕಂಡಿತು.

“ಗಂಗಹನುಮಯ್ಯ, ಅಲ್ಲಿಗೆ ಬೇಡ” ಎಂದೆ.

ಅವರು ಬೊಟ್ಟಿಟ್ಟು, ಹೊರಗೆ ಬಂದು, ಮೊಣಕಾಲು ಒರೆಸಿಕೊಂಡರು.

“ಪಟ್ಟಿ ಮ್ಯಾಲೆ ಇಟ್ಟಿವ್ನಿ ಸಾರ್” ಎಂದರು. “ಕೆಳೀಕಲ್ಲ.”